ಅವ್ವನ ಮೊಣಕಾಲಿಗೆ ತಗ್ಗಿಸಿದ ಗಾಡಿ

ನಮ್ಮ ಗಾಡಿಯನ್ನು ತಗ್ಗಿಸಿದ್ದು ನನ್ನ ಮೊಣಕಾಲಿನ ಸಲುವಾಗಿ ಎಂದು ಶೇಡಬಾಳದ ಓಣಿ ಓಣಿಗೂ ಗೊತ್ತಿತ್ತು. ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಮಾರುವವನಿಗೂ ಗೊತ್ತಿತ್ತು. ಗಡಿ ನಾಕಾದ ಪೊಲೀಸರಿಗಂತೂ ಬಾಯಿಪಾಠವಾಗಿತ್ತು. ಹಾಗೆ ಎಲ್ಲರಿಗೂ ಗೊತ್ತಿರಲಿ ಎಂದೇ ನನ್ನ ಮಗ ಅದನ್ನು ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಗಾಡಿ ಅಂದರೆ ಹಳೆಯ ಅಂಬಾಸಿಡರ್. ನಮ್ಮ ಯಜಮಾನರು ಕೊಂಡಿದ್ದು. ಅವರ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನನಗಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ, ತಾತ್ಯಾಸಾಹೇಬರು. ಅವರು ಇರುವ ತನಕ ಆ ಗಾಡಿ ಕಬ್ಬಿನ ಹೊಲದ ಬದುವಿನ ಮೇಲೂ ಆನೆಯ ಹಾಗೆ ನಡೆದು ಹೋಗುತ್ತಿತ್ತು. ಅಷ್ಟು ಎತ್ತರ. ಅವರು ತೀರಿಕೊಂಡ ಮೇಲೆ ಹೊಲವೂ ಗಾಡಿಯೂ ಒಬ್ಬನೇ ಮಗ ಆಬಾಸಾಹೇಬನ ಕೈಗೆ ಬಂದವು. ನನಗೆ ಉಳಿದದ್ದು ಬಸದಿ, ಜಪಮಾಲೆ, ಮತ್ತೆ ಈ ಎರಡು ಮೊಣಕಾಲಿನ ನೋವು.

ನಾನು ಹೆಚ್ಚು ಮಾತಾಡುವವಳಲ್ಲ, ಕೇಳುವವಳು. ಚಾತುರ್ಮಾಸದ ತಿಂಗಳುಗಳಲ್ಲಿ ನಮ್ಮಪ್ಪ ತವರೂರಿನ ಬಸದಿಯ ಕಟ್ಟೆಯ ಮೇಲೆ ಕೂತು ಪುರಾಣದ ಪದ್ಯ ಓದುತ್ತಿದ್ದರು. ಅವರು ರಾಗವಾಗಿ ಒಂದು ಪದ್ಯ ಓದಿದರೆ ಎದುರಿಗೆ ಕೂತ ಉಪಾಧ್ಯೆಯವರು ಅದರ ಅರ್ಥ ಬಿಡಿಸುವರು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಅರ್ಥ ತಿಳಿಯುವ ವಯಸ್ಸಿಗೆ ಮುಂಚೆಯೇ ನಡೆ ತಿಳಿದಿತ್ತು. ಎಲ್ಲಿಯಾದರೂ ಒಂದು ಅಕ್ಷರ ಹೆಚ್ಚಾದರೆ, ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ, ಮೈಗೆ ಗೊತ್ತಾಗುತ್ತಿತ್ತು. "ನಮ್ಮ ಸೋನಾನ ಕಿವಿ ಅಕ್ಕಸಾಲಿಗನ ತಕ್ಕಡಿ" ಎಂದು ಅಪ್ಪ ಬಂದವರೆದುರು ನಗುತ್ತಿದ್ದರು.

ಗಡಿಯಾಚೆ, ಮಿರಜ ದಾಟಿ, ಗುಡ್ಡದ ಕೆಳಗೆ ನಮ್ಮವರ ಒಂದು ಕ್ಷೇತ್ರವಿದೆ. ಯಜಮಾನರು ಹೋದ ಮೇಲೆ ಹುಣ್ಣಿಮೆಗೊಮ್ಮೆ ಅಲ್ಲಿಗೆ ಹೋಗಿ ದರ್ಶನ ಮಾಡಿ, ಮಧ್ಯಾಹ್ನದ ಪ್ರವಚನ ಕೇಳಿ, ಮನೆಗೆ ಬಂದು, ಸೂರ್ಯ ಮುಳುಗುವುದರೊಳಗೆ ಒಂದೇ ಹೊತ್ತು ಉಣ್ಣುವ ನಿಯಮ ಹಿಡಿದಿದ್ದೆ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಅನ್ನ ಮುಟ್ಟುವುದಿಲ್ಲ. ಕರೆದುಕೊಂಡು ಹೋಗುವವನು ಆಬಾ. ಗಾಡಿ ಹತ್ತುವಾಗ ಅಡುಗೆಮನೆಯ ಮಣೆ ತಂದು ಬಾಗಿಲ ಕೆಳಗೆ ಇಡುತ್ತಿದ್ದ. ನಾನು ಅದರ ಮೇಲೆ ಕಾಲಿಟ್ಟು, ಬಾಗಿಲು ಹಿಡಿದು, ದೇವರ ಹೆಸರೋ ತಾಯಿಯ ಹೆಸರೋ ಬಾಯಿಗೆ ಬಂದದ್ದು ಅನ್ನುತ್ತ ಒಳಗೆ ಬೀಳುತ್ತಿದ್ದೆ.

ಎಂಬತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಒಂದು ದಿನ ಅವನು ಹೇಳಿದ:

"ಅವ್ವಾ, ನಾಳೆ ಕುಡಚಿಗೆ ಹೋಗೂಣು. ಗಾಡಿ ತಗ್ಗಸೂದೈತಿ."

"ತಗ್ಗಸೂದು ಅಂದ್ರ?"

"ಅಂದ್ರ ನಿನಗ ಮಣಿ ಬ್ಯಾಡ. ಗಾಡೀನ ನಿನ್ನ ಕಾಲಿಗೆ ಬರತೈತಿ."

"ಮಣಿ ಇದ್ರ ಏನಾತೋ? ನಿಮ್ಮಪ್ಪ ಇದ್ದಾಗ..."

"ಅಪ್ಪ ಇದ್ದಾಗ ನಿನ್ನ ಮೊಣಕಾಲ ನೆಟ್ಟಗಿದ್ದು. ಮಂದಿ ಮುಂದ ನೀ ಮಣಿ ಏರಿ ಯವ್ವಾ ಯಪ್ಪಾ ಅನ್ನೂದು ನನಗ ನೋಡಾಕ ಆಗೂದಿಲ್ಲ."

ಆ ಮಾತಿಗೆ ನನ್ನ ಕಣ್ಣು ತುಂಬಿದವು. ತಾಯಿಯ ಕಣ್ಣು ತುಂಬುವುದಕ್ಕೆ ಬಹಳ ಏನೂ ಬೇಕಾಗುವುದಿಲ್ಲ.

ಕುಡಚಿ ಸ್ಟೇಶನ್ನಿನ ಹತ್ತಿರ, ಬೇವಿನ ಮರದ ಕೆಳಗೆ, ದಸ್ತಗೀರ ಮಿಸ್ತ್ರಿಯ ಗ್ಯಾರೇಜು. ನನಗೆ ಹೊರಸು ಹಾಕಿ ಕೂಡಿಸಿದರು. ಮಿಸ್ತ್ರಿ ಗಾಡಿಗೆ ಜಾಕ್ ಕೊಟ್ಟು ಹಿಂದಿನ ಚಕ್ರಗಳ ಒಳಗಿನ ಪಾಟಾ ಬಿಚ್ಚಿ ನೆಲಕ್ಕೆ ಹಾಸಿದ. ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು, ದೊಡ್ಡದರ ಕೆಳಗೆ ಸಣ್ಣದು, ಅದರ ಕೆಳಗೆ ಇನ್ನೂ ಸಣ್ಣದು. ಗಾಡಿಯ ಭಾರವೆಲ್ಲ ಅವುಗಳ ಬೆನ್ನಿನ ಮೇಲೆ.

"ಸಾಹುಕಾರ್ರ, ಒಂದೊಂದ ಪಟ್ಟಿ ತಗದ್ರ ಸಾಕ್ರಿ. ಅವ್ವಾರಿಗೆ ಹತ್ತಾಕ ಬೇಷ ಆಕ್ಕೈತಿ" ಎಂದ ಮಿಸ್ತ್ರಿ.

"ಎರಡೆರಡ ತಗಿ."

"ಎರಡ ತಗದ್ರ ಗಾಡಿ ಕುಂಡಿ ಊರಿದ ಎಮ್ಮಿ ಹಂಗ ಕಾಣತೈತ್ರಿ." ನಾನು ಅಲ್ಲೇ ಕೂತದ್ದು ಆಮೇಲೆ ನೆನಪಾಗಿ ಅವನು ನಾಲಿಗೆ ಕಚ್ಚಿಕೊಂಡ. "ತಪ್ಪ ಆತ್ರೀ ಅವ್ವಾರ."

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

"ಎಮ್ಮಿ ಹಂಗರ ಕಾಣಲಿ, ಕ್ವಾಣದ ಹಂಗರ ಕಾಣಲಿ. ನಮ್ಮವ್ವಗ ಹತ್ತಾಕ ಬರಬೇಕು, ಮುಗೀತು" ಎಂದ ಆಬಾ.

"ಆತ್ರಿ. ಆದ್ರ ಒಂದ ಮಾತ ಲಕ್ಷ್ಯದಾಗ ಇರ್ಲಿ. ಪಟ್ಟಿ ಕಡಿಮಿ ಆದಂಗ ತಾಕತ್ತೂ ಕಡಿಮಿ. ಮಂದಿ ಕುಂದ್ರಲಿ, ಭಾರ ಹೇರಬ್ಯಾಡ್ರಿ. ಭಾರ ಬಿತ್ತಂದ್ರ ಇದ ಇನ್ನೂ ಗೇಣ ಇಳೀತೈತಿ."

"ಅವ್ವನ ಗಾಡ್ಯಾಗ ಭಾರ ಯಾವಂವ ಹೇರತಾನೋ ಮಾರಾಯಾ!"

ಮುಂದಿನ ಸರಳಿನ ತಿರುಪನ್ನೂ ಸಡಿಲಿಸಿ ಮೂಗು ಸ್ವಲ್ಪ ಬಗ್ಗಿಸಿದರು. ಸಂಜೆಗೆ ಗಾಡಿ ಕೆಳಗಿಳಿದು ನಿಂತಾಗ ನನ್ನ ಕಣ್ಣಿಗೆ ಅದು ಬಸದಿಯಲ್ಲಿ ಮಂಡಿಯೂರಿದ ಭಕ್ತನ ಹಾಗೆ ಕಂಡಿತು. ಮಣೆಯಿಲ್ಲದೆ ಹತ್ತಿದೆ. ನೋವು ಪೂರ್ತಿ ಹೋಗಿರಲಿಲ್ಲ, ಆದರೆ ಹತ್ತಿದೆ.

ಊರಲ್ಲಿ ಅದೊಂದು ಕಥೆಯೇ ಆಯಿತು. ನಮ್ಮೂರ ಬಸದಿಯ ಉಪಾಧ್ಯೆಯವರು, "ತಾಯಿ ಏರಾಕ ಆಗದಿದ್ರ ಮಗ ವಾಹನಾನ ಬಗ್ಗಿಸ್ಯಾನ, ಇದಕ್ಕ ವಿನಯ ಅಂತಾರ" ಎಂದು ಪ್ರವಚನದ ನಡುವೆ ಹೇಳಿದರು. ಪಕ್ಕದ ಮನೆಯ ರಾಜಮತಿ, ನನಗಿಂತ ಹತ್ತು ವರ್ಷ ಚಿಕ್ಕವಳು, ನನಗಿಂತ ಎರಡು ಪಟ್ಟು ದಪ್ಪನವಳು, ಗಂಡನನ್ನು ತಿವಿದಳಂತೆ: "ನೋಡ್ರಿ, ಅವ್ರ ಮಗ ಗಾಡಿ ತಗ್ಗಿಸ್ಯಾನ. ನೀವು ನನ್ನ ಸಲುವಾಗಿ ದನಿನಾದ್ರೂ ತಗ್ಗಸ್ರಿ."

ನಾಕಾದಲ್ಲಿ ಮೊದಲ ಸಲ ನಿಲ್ಲಿಸಿದವನು ಸಿದರಾಯ ಎಂಬ ಪೇದೆ, ಅಥಣಿ ಕಡೆಯವನು. ಹಿಂಭಾಗ ಕುಸಿದ ಗಾಡಿ ಕಂಡರೆ ಅವರು ಬಿಡುವುದಿಲ್ಲ. ಗಡಿಯಾಚೆಯಿಂದ ಕಳ್ಳ ಸಾರಾಯಿ, ನಮ್ಮ ಕಡೆಯ ಮಾತಿನಲ್ಲಿ ಸೆರೆ, ತರುವವರ ಗಾಡಿ ಭಾರಕ್ಕೆ ಕುಸಿದಿರುತ್ತದಂತೆ.

"ಏನ್ರಿ ಸಾಹುಕಾರ್ರ, ಹಿಂದ ಇಷ್ಟ ಕುಂತೈತಿ?"

ಆಬಾ ತಾನೇ ಇಳಿದು ಡಿಕ್ಕಿ ತೆಗೆದ, ಹಿಂದಿನ ಸೀಟನ್ನೂ ಎತ್ತಿ ತೋರಿಸಿದ. ಖಾಲಿ. ಆಮೇಲೆ ನನ್ನ ಮೊಣಕಾಲಿನ ಕಥೆ ಹೇಳಿದ. ಸಿದರಾಯ ನನ್ನ ಕಡೆ ನೋಡಿ ಟೋಪಿ ತೆಗೆದ. "ನಮ್ಮವ್ವಂದೂ ಇದ ಹಣಿಬಾರ್ರಿ ಅವ್ವಾರ" ಎಂದ. ನಾನು ಕ್ಷೇತ್ರದಿಂದ ತಂದ ಗಂಧೋದಕದ ಬಾಟಲಿಯಿಂದ ಅವನ ಕೈಗೆ ಎರಡು ಹನಿ ಹಾಕಿದೆ. ಅದು ದೇವರ ಅಭಿಷೇಕದ ನೀರು. ಅವನು ನಮ್ಮವನಲ್ಲದಿದ್ದರೂ ಕಣ್ಣಿಗೆ ಒತ್ತಿಕೊಂಡ.

ಹೀಗೆ ಕೆಲವು ತಿಂಗಳು ಅವರು ನಿಲ್ಲಿಸುವುದು, ಇವನು ತೆಗೆದು ತೋರಿಸುವುದು ನಡೆಯಿತು. ಬರಬರುತ್ತ ಅವರೇ ಬೇಡವೆಂದರು. ದೂರದಿಂದ ತಗ್ಗಿದ ಗಾಡಿ ಕಂಡರೆ ರಸ್ತೆಯ ಅಡ್ಡಗೋಲು ಮೇಲೆತ್ತುವರು. ಆಬಾ ಕಿಟಕಿಯಿಂದ ತಲೆ ಹಾಕಿ, "ಅವ್ವ ಹೊತ್ತ ಮುಣಗೂದರಾಗ ಉಣಬೇಕ್ರಿ" ಎಂದು ಕೂಗುವನು. "ಹೋಗ್ರಿ ಹೋಗ್ರಿ, ಅವ್ವಾರ್ನ ಉಪಾಸ ಕೆಡವಬ್ಯಾಡ್ರಿ" ಎಂದು ಸಿದರಾಯ ಕೈಬೀಸುವನು. ನನ್ನ ನಿಯಮಕ್ಕೆ ಸರಕಾರವೂ ದಾರಿ ಬಿಡುತ್ತದಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

ದೀಪಾವಳಿ ಆದ ಮೇಲಿನ ಹುಣ್ಣಿಮೆ ಅದು. ಪ್ರವಚನ ಮುಗಿಸಿ ಬಂದು ಗಾಡಿ ಹತ್ತಿದರೆ, ಹತ್ತಿದ್ದೇ ಗೊತ್ತಾಗಲಿಲ್ಲ. ಕಾಲು ತಾನಾಗಿ ಒಳಗೆ ಹೋಯಿತು. ಮುಂಜಾನೆ ಮನೆಯೆದುರು ಹತ್ತುವಾಗ ಹಲ್ಲು ಕಚ್ಚಿದವಳು ಈಗ ನವಿಲಿನ ಹಾಗೆ ಕಾಲಿಟ್ಟೆ. ಮುಂದಿನ ಹುಣ್ಣಿಮೆಗೂ ಹಾಗೆಯೇ. ಹೋಗುವಾಗ ನೋವು, ದರ್ಶನ ಮಾಡಿ ಬರುವಾಗ ಇಲ್ಲ.

ನಾನು ಏನೆಂದು ತಿಳಿಯಲಿ? ಸಣ್ಣವಳಿದ್ದಾಗಿನಿಂದ ಕೇಳಿದ ಕಥೆಗಳಲ್ಲಿ ದರ್ಶನಮಾತ್ರದಿಂದ ಕುರುಡರ ಕಣ್ಣು ತೆರೆದಿದ್ದವು, ಕುಂಟರು ಗುಡ್ಡ ಏರಿದ್ದರು. ನನ್ನ ಮೊಣಕಾಲು ಯಾವ ದೊಡ್ಡದು. ಹಿಂತಿರುಗುವಾಗ ಗಾಡಿ ಕುಣಿಯಲ್ಲಿ ಇಳಿದರೆ ಹಿಂದೆ ಏನೋ ನರಳಿದ ಹಾಗೆ ಸದ್ದಾಗುತ್ತಿತ್ತು. ಕಿವಿ ಅದನ್ನು ಹಿಡಿದಿತ್ತು. ಆದರೆ ಮನಸ್ಸು ಆ ಕಥೆಗಳಲ್ಲೇ ಇತ್ತು. ಆಬಾ ಬರುವಾಗ ಗಾಡಿಯಲ್ಲಿ ಊದುಬತ್ತಿ ಹಚ್ಚುತ್ತಿದ್ದ, ಒಂದಲ್ಲ, ಒಂದು ಹಿಡಿ. ಅವನಿಗೂ ಭಕ್ತಿ ಬಂತು ಎಂದುಕೊಂಡೆ. ನಾನು ಪ್ರವಚನಕ್ಕೆ ಕೂತ ಹೊತ್ತಿನಲ್ಲಿ "ಗಾಡಿಗೆ ಹವಾ ಹೊಡಸ್ಕೊಂಡ ಬರತೇನಿ" ಎಂದು ಹೋಗಿ ಬರುತ್ತಿದ್ದ. ಚಕ್ರಕ್ಕೆ ಗಾಳಿ ಹಾಕಿಸಲು ಅರ್ಧ ಮಧ್ಯಾಹ್ನ ಯಾಕೆ ಬೇಕು ಎಂದು ನಾನು ಕೇಳಲಿಲ್ಲ.

ರಾಜಮತಿಗೆ ಹೇಳಿದೆ. ರಾಜಮತಿಗೆ ಹೇಳಿದರೆ ಊರಿಗೆ ಹೇಳಿದ ಹಾಗೆ. ಬಸದಿಯ ಮೆಟ್ಟಿಲಲ್ಲಿ ಹೆಂಗಸರು ನನ್ನ ಸೀರೆಯ ನಿರಿಗೆಯ ಕಡೆ ನೋಡತೊಡಗಿದರು. ಗಂಧೋದಕಕ್ಕೆಂದು ಸಣ್ಣ ಸಣ್ಣ ಬಾಟಲಿ ಕೊಟ್ಟು ಕಳಿಸಿದರು. ನಾಟಿ ಮುಲಾಮಿಗೂ ಸಾಂಗಲಿ ಡಾಕ್ಟರರ ಸೂಜಿಗೂ ಬಗ್ಗದ ಮೊಣಕಾಲುಗಳು ನಮ್ಮೂರಲ್ಲಿ ಬಹಳ ಇದ್ದವು. "ಖರೇನೇನ ಸೋನಕ್ಕಾ?" ಎಂದು ಕೇಳಿದವರಿಗೆಲ್ಲ ನಾನು, ಜಪಮಾಲೆ ಹಿಡಿದ ಕೈಯಲ್ಲೇ ಎದೆ ಮುಟ್ಟಿ, "ಖರೇ ಐತಿ" ಎಂದೆ.

ಆ ಜಪಮಾಲೆಯನ್ನು ಮಾಘದ ಹುಣ್ಣಿಮೆಯಂದು ಗಾಡಿಯಲ್ಲೇ ಮರೆತು ಇಳಿದಿದ್ದೆ. ಮರುದಿನ ಬೆಳಿಗ್ಗೆ ಆಬಾ ಇನ್ನೂ ಸ್ನಾನದಲ್ಲಿದ್ದ. ಗಾಡಿ ಅಂಗಳದಲ್ಲಿ ನಿಂತಿತ್ತು. ಹಿಂದಿನ ಬಾಗಿಲು ತೆಗೆದು, ನಿನ್ನೆ ಕ್ಷೇತ್ರದಲ್ಲಿ ಹತ್ತಿದ ಅಂದಾಜಿಗೆ ಕಾಲೆತ್ತಿದೆ. ಮೊಣಕಾಲಿನ ಕೆಳಗಿನ ಎಲುಬು ಕಬ್ಬಿಣದ ಅಂಚಿಗೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು. ಒಂದು ರಾತ್ರಿಯಲ್ಲಿ ನನ್ನ ಕಾಲು ಗಿಡ್ಡವಾಯಿತೇ, ಗಾಡಿ ಎದ್ದು ನಿಂತಿತೇ?

ಮಾಲೆ ಸೀಟಿನ ಸಂದಿಯಲ್ಲಿ ಬಿದ್ದಿರಬೇಕೆಂದು ಕೈ ಹಾಕಿದೆ. ಸಿಗಲಿಲ್ಲ. ಸೀಟನ್ನೇ ಎತ್ತಿದೆ. ಅಡಿಯಲ್ಲಿ ಹಳೆಯ ಗೋಣಿ, ಅದರ ಮೇಲೆ ಲಾರಿ ಚಕ್ರದ ರಬ್ಬರಿನ ಟ್ಯೂಬು ಒಂದು, ಬಾಯಿಗೆ ದಾರ ಕಟ್ಟಿದ್ದು, ಖಾಲಿಯಾಗಿ ಸತ್ತ ಹಾವಿನ ಹಾಗೆ ಮಡಚಿಕೊಂಡಿತ್ತು. ಅದರ ಬಾಯಿಂದ ಸೋರಿದ್ದು ಗೋಣಿಯಲ್ಲಿ ಹಿಂಗಿತ್ತು. ಮಾಲೆ ಅದರಲ್ಲಿ ಬಿದ್ದಿತ್ತು. ಎತ್ತಿ ಮೂಗಿನ ಹತ್ತಿರ ತಂದೆ. ನಾನು ಹುಟ್ಟಿದಾರಭ್ಯ ಸೆರೆಯ ವಾಸನೆಯನ್ನು ಹಾದಿಯಲ್ಲಿ ಹೋಗುವವರ ಬಾಯಲ್ಲಿ ಮಾತ್ರ ಕಂಡವಳು. ಕೆಮ್ಮಿಗೆ ಜೇನು ನೆಕ್ಕಲು ವೈದ್ಯರು ಹೇಳಿದರೂ, ಮದ್ಯಕ್ಕೂ ಜೇನಿಗೂ ನಮ್ಮಲ್ಲಿ ಒಂದೇ ದೋಷ ಎಂದು ಒಲ್ಲೆ ಅಂದವಳು. ಮಾಲೆಯ ದಾರ ಇನ್ನೂ ಹಸಿಯಾಗಿತ್ತು.

ಆಬಾ ಟವೆಲು ಸುತ್ತಿಕೊಂಡು ಬಂದ. ನನ್ನ ಕೈ ನೋಡಿದ, ಸೀಟು ನೋಡಿದ. ಅವನ ಬಾಯಿಂದ ಬಂದ ಮೊದಲ ಮಾತು, "ಸೀಟ ಯಾಕ ಎತ್ತಿದಿ?"

"ಇದೇನೋ ಆಬಾ?"

"ಮೆಲ್ಲಕ ಮಾತಾಡ. ಬಾಜೂದಾಗ ರಾಜವ್ವ ಅದಾಳ."

"ನನ್ನ ಇದರ ಮ್ಯಾಲ ಕುಂದ್ರಸ್ಕೊಂಡ ಬಂದೇನೋ? ದೇವರ ದರ್ಶನ ಮಾಡಿಸಿ, ಇದರ ಮ್ಯಾಲ?"

"ಅವ್ವಾ, ಕುಡ್ಯಾವ್ರು ಕುಡ್ಯಾವ್ರ. ನಾ ತರದಿದ್ರ ಇನ್ನೊಬ್ಬ ತರತಾನ. ಉತ್ತಮನ ಧಾಬಾದಾಗ ಇಳಿಸಿ ಬಿಟ್ರ ನನ್ನ ಕೆಲಸ ಮುಗೀತು. ಒಂದ ಹನಿ ನಾ ಕುಡದೇನೇನು? ನಿನಗರೆ ಏನ ಕಡಿಮಿ ಆಗೇತಿ? ದರ್ಶನ ಆಗತೈತಿ, ಪ್ರವಚನ ಆಗತೈತಿ, ಹೊತ್ತಿಗೆ ಸರಿ ಊಟ ಆಗತೈತಿ. ಮೊಣಕಾಲ ಸುದ್ದಾ ಹಗುರ ಆಗ್ಯಾವ ಅಂತ ನೀನ ಊರ ತುಂಬ ಹೇಳ್ಕೊಂತ ಅಡ್ಡಾಡತಿ."

ಅವನು ಅದನ್ನು ಹೇಳಬಾರದಿತ್ತು. ಹೇಳಿದ ಮೇಲೆ ಅವನಿಗೂ ಗೊತ್ತಾಯಿತು, ಮುಖ ತಿರುಗಿಸಿದ. ನನ್ನ ಎಲುಬು ಇನ್ನೂ ಉರಿಯುತ್ತಿತ್ತು. ಅದೇ ಉರಿ ಮೇಲಕ್ಕೆ ಏರಿ ತಲೆಗೆ ಬಂತು.

"ಹಂಗಾರ ಬರೂವಾಗ ನನ್ನ ಕಾಲ ಹಗುರ ಆಗಿದ್ದು..."

"ಭಾರ ಬಿದ್ರ ಗಾಡಿ ಇಳೀತೈತವ್ವಾ. ಮಿಸ್ತ್ರಿ ಆವತ್ತ ಹೇಳಿದ್ನಲ್ಲ. ನೀನೂ ಅಲ್ಲೇ ಕುಂತ ಕೇಳೀದಿ."

ಹೌದು, ಕೇಳಿದ್ದೆ. ಹೊರಸಿನ ಮೇಲೆ ಕೂತು, ಸೆರಗು ಬಾಯಿಗಿಟ್ಟು ನಗುತ್ತ ಕೇಳಿದ್ದೆ. ನನ್ನ ಸಲುವಾಗಿ ಎರಡೆರಡು ಪಟ್ಟಿ ತೆಗೆಸಿದ ಮಗನನ್ನು ಕಣ್ತುಂಬ ನೋಡುತ್ತ ಕೇಳಿದ್ದೆ. ಗಾಡಿ ಮೊದಲಿನಿಂದಲೇ ಕುಸಿದಿದ್ದರೆ, ತುಂಬಿ ಕುಸಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾಕೆ ಕುಸಿದಿದೆ ಎಂದು ಯಾರಾದರೂ ಕೇಳಿದರೆ ತೋರಿಸುವುದಕ್ಕೆ ಹಿಂದೆ ಒಬ್ಬ ತಾಯಿ ಕೂತಿರುತ್ತಾಳೆ, ಕೈಯಲ್ಲಿ ಮಾಲೆ ಹಿಡಿದುಕೊಂಡು. ತಡೆದು ನಿಲ್ಲಿಸಿದರೆ, ಹೊತ್ತು ಮುಳುಗುತ್ತದೆ, ಅವಳ ವ್ರತ ಕೆಡುತ್ತದೆ. ಇಷ್ಟೆಲ್ಲ ಅವನು ಕೂತು ಯೋಚನೆ ಮಾಡಿದ್ದ. ಸೆರೆ ತಂದದ್ದನ್ನು ಒಂದು ದಿನ ಕ್ಷಮಿಸಿಯೇನು. ನನ್ನ ಮೊಣಕಾಲು ನೋಡಿ ಅವನಿಗೆ ಬಂದದ್ದು ಮರುಕವಲ್ಲ, ಉಪಾಯ ಎಂಬುದನ್ನು ಹೇಗೆ ನುಂಗಲಿ?

ನಾನು ಅಳಲಿಲ್ಲ. "ನಿಮ್ಮಪ್ಪನ ಫೋಟೋದ ಮುಂದ ಬಾ" ಎಂದೆ.

ಬಂದ. ಗಂಧದ ಹಾರದ ಮೇಲೆ ಕೈಯಿಟ್ಟು, "ಇನ್ನ ಮುಟ್ಟಂಗಿಲ್ಲ. ಅಪ್ಪನ ಆಣಿ, ನಿನ್ನ ಆಣಿ, ಮುಟ್ಟಂಗಿಲ್ಲ" ಎಂದ. ಎಲ್ಲೂ ತಡವರಿಸಲಿಲ್ಲ. ಅರ್ಥ ತಿಳಿಯದೆ ಬಾಯಿಪಾಠ ಮಾಡಿದ ಹುಡುಗರು ಪದ್ಯ ಒಪ್ಪಿಸುವಾಗ ಹೀಗೇ ಎಲ್ಲೂ ತಡವರಿಸುವುದಿಲ್ಲ. ಕಿವಿ ಹೇಳಿತು. ಈ ಸಲವೂ ನಾನು ಕೇಳಲಿಲ್ಲ. ಮಗನಲ್ಲವೇ.

ಮಾಲೆಯನ್ನು ಕೃಷ್ಣೆಗೆ ಬಿಟ್ಟು ಹೊಸದು ತರಿಸಿಕೊಂಡೆ. ಗಾಡಿಯ ಪಟ್ಟಿಗಳನ್ನು ಮತ್ತೆ ಹಾಕಿಸು ಎಂದೆ. "ಹಾಕಸ್ತೇನಿ, ಮಿಸ್ತ್ರಿ ಊರಾಗಿಲ್ಲ" ಎಂದ.

ಅಷ್ಟರಲ್ಲಿ ರಾಜಮತಿ ಹಟ ಹಿಡಿದಿದ್ದಳು. ಅವಳ ಬಲ ಮೊಣಕಾಲು ಬಾತುಕೊಂಡಿತ್ತು.

"ಸೋನಕ್ಕಾ, ಈ ಹುಣ್ಣಿವಿಗೆ ನಾನೂ ಬರತೇನಿ. ನಿನಗಷ್ಟ ಹಗುರ ಮಾಡಿ ಕುಂದ್ರಾಕ ಆ ದೇವರೇನ ನಿಮ್ಮ ಮನೀ ಅಳಿಯನೇನ?"

"ಬ್ಯಾಡ ರಾಜವ್ವಾ. ಅದು... ಹಂಗೇನಿಲ್ಲ ಅದು."

"ನೋಡ ನೋಡ! ನನ್ನ ಭಾರಕ್ಕ ಗಾಡಿ ಕುಂದರತೈತಿ ಅಂತ ಅಂಜೀದಿ ಹೌದಲ್ಲ? ಕುಂದ್ರಲಿ ತಗಿ. ಮೊದಲ ಕುಂತ ಗಾಡಿ ಅದು."

ಹಂಗೇನಿಲ್ಲ ಎಂದಷ್ಟೇ ಹೇಳುವ ಧೈರ್ಯ ನನಗಿತ್ತು. ಯಾಕಿಲ್ಲ ಎಂದು ಹೇಳಬೇಕಾದರೆ ಮಗನ ಹೆಸರು ಹೇಳಬೇಕಾಗಿತ್ತು. ಆಣೆ ಮಾಡಿದ್ದಾನಲ್ಲ, ಈ ಸಲ ಬರುವಾಗ ಗಾಡಿ ಎತ್ತರವೇ ಇರುತ್ತದೆ, ಅವಳ ಕಾಲು ನೋಯುತ್ತದೆ, ನನ್ನ ಮಾತು ಸುಳ್ಳೆಂದು ಅವಳೇ ಊರಿಗೆ ಹೇಳುತ್ತಾಳೆ. ಅಲ್ಲಿಗೆ ಆ ಪವಾಡ ಮುಗಿಯುತ್ತದೆ, ನನ್ನ ಮಗನೂ ಉಳಿಯುತ್ತಾನೆ ಎಂದು ಲೆಕ್ಕ ಹಾಕಿದೆ. ಆ ತಿಂಗಳು ನಾನು ದೇವರಲ್ಲಿ ಬೇಡಿಕೊಂಡದ್ದು ಇಷ್ಟೇ: ಬರುವಾಗ ನನ್ನ ಮೊಣಕಾಲು ನೋಯಲಿ.

ದರ್ಶನವಾಯಿತು. ಪ್ರವಚನದಲ್ಲಿ ನನ್ನ ಕಿವಿಗೆ ಒಂದು ಮಾತೂ ಬೀಳ‍ಲಿಲ್ಲ. ಆಬಾ ಗಾಡಿ ತಂದು ಮರದ ನೆರಳಿಗೆ ನಿಲ್ಲಿಸಿದ. ರಾಜಮತಿ ಮೊದಲು ಹತ್ತಿದಳು. ಹತ್ತಿದವಳು ಒಳಗಿನಿಂದ ಕೂಗಿದಳು:

"ಯವ್ವಾ ಯವ್ವಾ ಯವ್ವಾ! ಸೋನಕ್ಕಾ, ಖರೇನ ಖರೆ! ಮುಂಜಾನಿ ಪ್ರಾಣ ಹೋಗಿತ್ತು ಹತ್ತೂವಾಗ. ಈಗ ನೋಡ, ಹೂವಾತು ಕಾಲು!"

ಅವಳ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಕೈಮುಗಿದು ಗುಡ್ಡದ ಕಡೆ ನೋಡುತ್ತಿದ್ದಳು. ಆಬಾ ಊದುಬತ್ತಿಗೆ ಕಡ್ಡಿ ಗೀರಿದ. ಕನ್ನಡಿಯಲ್ಲಿ ನನ್ನನ್ನು ನೋಡಲಿಲ್ಲ.

ನಾನು ಹತ್ತಿದೆ. ಕಾಲು ನೋಯಲಿಲ್ಲ.

ಸೀಟಿನ ಮೇಲೆ ಕೂತು, ಕಣ್ಣು ಮುಚ್ಚಿ, ಕೈ ಜೋಡಿಸಿ, ಆವತ್ತಿನ ಪೂರ್ತಿ ಉಪವಾಸದ ನಿಯಮ ತೆಗೆದುಕೊಂಡೆ. ಮರುದಿನ ಸೂರ್ಯ ಮೂಡುವ ತನಕ ಅನ್ನವೂ ಇಲ್ಲ, ನೀರೂ ಇಲ್ಲ. ಯಾವ ಉಪಾಯವೂ ಇರಲಿಲ್ಲ ಅದರಲ್ಲಿ. ತುತ್ತು ಇಳಿಯುವುದಿಲ್ಲ ಎಂದು ಗೊತ್ತಿತ್ತು, ಅಷ್ಟೇ. ದಾರಿಯುದ್ದಕ್ಕೂ ರಾಜಮತಿ ಮಾತಾಡಿದಳು. ಗಾಡಿ ಹಿಂದೆ ನರಳಿತು. ಈಗ ನನಗೆ ಎರಡೂ ಕೇಳುತ್ತಿದ್ದವು.

ನಾಕಾದಲ್ಲಿ ಹೊತ್ತು ಇನ್ನೂ ಎರಡು ಮಾರು ಮೇಲಿತ್ತು. ಮುಂದೆ ಲಾರಿಗಳು ನಿಂತು ನಮ್ಮ ಗಾಡಿಯೂ ನಿಂತಿತು. ಸಿದರಾಯ ನಗುತ್ತ ಬಂದ. ಆಬಾ ತಲೆ ಹೊರಗೆ ಹಾಕಿದ:

"ಸ್ವಲ್ಪ ಹಾದಿ ಬಿಡಸ್ರಿ ಸಿದರಾಯಪ್ಪಾರ. ಅವ್ವ ಹೊತ್ತ ಮುಣಗೂದರಾಗ ಉಣಬೇಕ್ರಿ."

"ಬಿಡಸ್ತೇನ್ರಿ. ಅವ್ವಾರ, ಗಂಧೋದಕ ಹಾಕ್ರಿ ಮೊದಲ" ಎಂದು ಅವನು ನನ್ನ ಕಿಟಕಿಗೆ ಬಂದು ಬೊಗಸೆ ಒಡ್ಡಿದ.

ಬಾಟಲಿ ನನ್ನ ಮಡಿಲಲ್ಲಿತ್ತು. ಸೀಟಿನ ಕೆಳಗೆ ಅದು ಇತ್ತು. ಆ ಬೊಗಸೆಗೆ ನನ್ನ ಕೈ ಏಳಲಿಲ್ಲ.

"ನಂದ ಇವತ್ತ ಪೂರಾ ಉಪಾಸ ಐತೆಪಾ" ಎಂದೆ. "ನನಗೇನ ಅವಸರ ಇಲ್ಲ."

ಆಬಾನ ಕೈ ಸ್ಟೇರಿಂಗಿನ ಮೇಲೆ ನಿಂತಿತು.

"ಉಪಾಸೇನ? ಯಾವಾಗ ಹಿಡದಿ?" ಎಂದಳು ರಾಜಮತಿ. "ನನಗ ಉಪಾಸ ಇಲ್ಲವಾ! ನನಗ ಹಸಿವಿ ಆಗೇತಿ!"

"ನಿನ್ನ ಬುತ್ತಿ ಡಬ್ಬಿ ಐತಲ್ಲ. ಇಳಿ. ನಾವು ಬಸ್ಸಿಗೆ ಹೋಗೂಣು."

"ಗಾಡಿ ಇರೂವಾಗ ಬಸ್ಸ್ಯಾಕ ಸೋನಕ್ಕಾ?"

"ಇಳಿ ರಾಜವ್ವಾ."

ನನ್ನ ದನಿ ಅವಳು ಎಂದೂ ಕೇಳದ ದನಿಯಾಗಿರಬೇಕು. ಇಳಿದಳು. ನಾನೂ ಇಳಿದೆ. ನೆಲ ಎಷ್ಟು ಹತ್ತಿರ ಇತ್ತೆಂದರೆ ಮೊಣಕಾಲು ಬಗ್ಗಿಸಲೂ ಬೇಕಾಗಲಿಲ್ಲ.

ಸಿದರಾಯ ನನ್ನ ಮುಖ ನೋಡಿದ, ರಾಜಮತಿಯನ್ನು ಮೇಲಿಂದ ಕೆಳಗೆ ನೋಡಿದ, ಆಮೇಲೆ ಗಾಡಿಯ ಹಿಂಬದಿ ನೋಡಿದ. ಅವನ ನಗು ನಿಧಾನವಾಗಿ ಹೋಯಿತು.

"ಸಾಹುಕಾರ್ರ," ಎಂದ, "ಇಬ್ಬರೂ ಇಳದ್ರು. ಗಾಡಿ ಏಳಲಿಲ್ಲಲ್ರಿ?"

"ಅವ್ವಾ," ಎಂದ ಆಬಾ. ಅವನು ಸಿದರಾಯನ ಕಡೆ ನೋಡುತ್ತಲೇ ಇರಲಿಲ್ಲ. "ಅವ್ವಾ, ಏನ ಮಾಡಾಕತ್ತಿ? ಗಾಡಿ ಏರ. ಹೋಗೂಣು."

ಸಣ್ಣವನಿದ್ದಾಗ ಬಾವಿಯ ಮೆಟ್ಟಿಲಲ್ಲಿ ಕಾಲು ಜಾರಿದಾಗ ಹೀಗೇ ಕೂಗಿದ್ದ. ಆಗ ಓಡಿದ್ದೆ. ಈಗಲೂ ಏರಿ ಕೂತು, "ನಡೀಪಾ ಸಿದರಾಯ, ಬಿಡು" ಎಂದಿದ್ದರೆ ಅವನು ಬಿಡುತ್ತಿದ್ದನೋ ಏನೋ. ನನ್ನ ಮಾತಿಗೆ ಅಲ್ಲಿ ಅಷ್ಟು ಬೆಲೆಯಿತ್ತು. ಏರುವುದು ಕಷ್ಟವೂ ಇರಲಿಲ್ಲ. ಹಾಗೆಂದೇ ತಗ್ಗಿಸಿದ ಗಾಡಿ ಅದು.

"ಕೇಳಿದ್ರ ಖರೇ ಹೇಳೋ" ಎಂದಷ್ಟೇ ಅಂದೆ. ರಾಜಮತಿಯ ಕೈ ಹಿಡಿದು ಬಸ್ಸು ನಿಲ್ಲುವ ಕಡೆ ನಡೆದೆ. ಹಿಂದೆ ಸಿದರಾಯ ಯಾರನ್ನೋ ಕೂಗಿ ಕರೆದ. ಗಾಡಿಯ ಬಾಗಿಲು ತೆಗೆದ ಸದ್ದು ಕೇಳಿತು, ಸೀಟು ಎತ್ತಿದ ಸದ್ದೂ ಕೇಳಿತು. ನಾನು ತಿರುಗಿ ನೋಡಲಿಲ್ಲ. ಕಿವಿಗೆ ಮುಚ್ಚಳವಿಲ್ಲವಲ್ಲ.

ಮಿರಜದಿಂದ ಕುಡಚಿಗೆ ಹೋಗುವ ಬಸ್ಸು ಬಂತು. ಅದರ ಮೊದಲ ಮೆಟ್ಟಿಲು ನನ್ನ ಮೊಣಕಾಲಿನ ಎತ್ತರಕ್ಕಿತ್ತು. ಕಂಡಕ್ಟರ್ ಕೈ ಕೊಟ್ಟು ಎಳೆದ. ಕಾಲು ಹರಿದ ಹಾಗಾಯಿತು. ರಾಜಮತಿಯನ್ನು ಹಿಂದಿನಿಂದ ಇಬ್ಬರು ನೂಕಿದರು. ಸೀಟಿಗೆ ಬಿದ್ದು ಅವಳು ಬಹಳ ಹೊತ್ತು ಮೊಣಕಾಲು ತಿಕ್ಕಿದಳು.

"ಈಗಷ್ಟ ಹೂವಾಗಿತ್ತಲ್ಲ ಸೋನಕ್ಕಾ. ಬಸ್ಸ ಹತ್ತಿದ ಕೂಡ್ಲೆ ಮತ್ತ ಹಿಡಕೊಂತು."

"ನಂದೂ" ಎಂದೆ.

"ಯಾಕ ಹಿಂಗಾತು?"

ಕಿಟಕಿಯಾಚೆ ಕಬ್ಬಿನ ಗರಿಗಳ ಮೇಲೆ ಹೊತ್ತು ಕೆಂಪಾಗಿ ನಿಂತಿತ್ತು. ಅವಳ ಮಡಿಲಿನ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದೆ.

"ಹೇಳತೇನಿ. ಎಲ್ಲಾ ಹೇಳತೇನಿ. ಹೊತ್ತ ಮುಣಗಾಕ ಬಂತು, ನೀ ಮೊದಲ ಉಣ್ಣು."